ಕಂಪನಿ ಫಿಟ್ಟಿಂಗ್

ಬಣಕಲ್
19 ಜನವರಿ 2025, ಭಾನುವಾರ

ಚಿಕ್ಕಮ್ಮಾ,

ಬಣಕಲ್‌ನಿಂದ ಪುಟ್ಟಸ್ವಾಮಿ ಮಾಡುವ ನಮಸ್ಕಾರಗಳು.

ನಿನ್ನೆ ಶನಿವಾರ ಮಧ್ಯಾಹ್ನ ಅಪ್ಪನ ಹಸಿರು ಕಾರಿಗೆ ನೂರಕ್ಕೆ ತೊಂಬತ್ತೇಳು ಅಂಕ ಬಂತು. ಮಂಗಳೂರಿನ ಹಳೇ ಕಾರುಗಳ ಸಂಘದ ಪರವಾಗಿ ಪರೀಕ್ಷೆಗೆ ಬಂದಿದ್ದ ಪರಮೇಶ್ವರ ಅನ್ನುವವರು ವರದಿ ಬರೆದು, ಸಹಿ ಹಾಕಿ, ಒಂದು ಪ್ರತಿ ನನ್ನ ಕೈಗೆ ಕೊಟ್ಟು ಹೋದರು. ತೊಂಬತ್ತೈದು ದಾಟಿದ ಕಾರುಗಳು ಫೆಬ್ರವರಿ 9ರಂದು ಬೆಂಗಳೂರಿನಲ್ಲಿ ನಡೆಯುವ ಕೊನೆಯ ಸುತ್ತಿಗೆ ಹೋಗುತ್ತವೆ. ಈ ವರ್ಷ ನಮ್ಮ ಜಿಲ್ಲೆಯಿಂದ ಆಯ್ಕೆಯಾದದ್ದು ಇದೊಂದೇ.

ಹೋದ ಮೂರು ಅಂಕಗಳಲ್ಲಿ ಎರಡು, ಹಿಂದಿನ ಎಡ ಬಾಗಿಲ ಪಕ್ಕದ ಕಂಬದಲ್ಲಿದ್ದ ಎರಡು ಸ್ಕ್ರೂ ತೂತುಗಳಿಗೆ ಹೋದವು. ಇನ್ನೊಂದು, ಡ್ಯಾಶ್‌ಬೋರ್ಡಿನ ಡಬ್ಬಿಯೊಳಗಿನ ಒಂದು ಸಣ್ಣ ವಸ್ತುವಿಗೆ. ಅದು ದೊಡ್ಡ ವಿಷಯವಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದಾಗಲೆಲ್ಲ ನೀವು "ಕೊಯ್ಲು ಎಲ್ಲಿಗೆ ಬಂತು, ಆಳು ಸಿಕ್ಕಿದ್ರಾ, ಸರಸ್ವತಿ ಮಂಡಿ ನೋವು ಹೆಂಗಿದೆ" ಅಂತ ಮೂರು ಪ್ರಶ್ನೆ ಕೇಳಿ, ಉತ್ತರ ಮುಗಿಯುವ ಮೊದಲೇ ನಿಮ್ಮ ತಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಬೆಳ್ಳಿಯಪ್ಪ ಮಾವನಿಗೆ ನನ್ನ ಮೇಲೆ ಸಿಟ್ಟಿದೆ, ಅದನ್ನು ಮುಚ್ಚಿಡುವ ಅಭ್ಯಾಸ ಅವರಿಗಿಲ್ಲ. ಕಳೆದ ಸಲ, "ಒಂಬತ್ತು ವರ್ಷದಿಂದ ಆ ಕಾರಿನ ಬಾಣಂತನ ಮಾಡ್ತಿದ್ದೀಯಲ್ಲ ಮಾರಾಯ, ನಾಮಕರಣ ಯಾವಾಗ" ಅಂದರು. ನಾನು ನಕ್ಕು ಫೋನ್ ಇಟ್ಟೆ. ಆಮೇಲೆ ಒಂದು ವಾರ ಮಾಡಲಿಲ್ಲ. ಅದಕ್ಕೇ ಈ ಪತ್ರ. ಕಳಸದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ. ಅಂಚೆಗಿಂತ ಬೇಗ ಸಿಗುತ್ತದೆ.

ಮುಖ್ಯ ವಿಷಯವನ್ನು ಮೊದಲೇ ಹೇಳುತ್ತೇನೆ. ನಿಮ್ಮದೊಂದು ಸಹಿ ಬೇಕು.

ಕೊನೆಯ ಸುತ್ತಿಗೆ ಹೋಗಲು ಒಂದು ಘೋಷಣಾ ಪತ್ರ ಕೊಡಬೇಕು. ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿರುವುದು ಒಂದೇ ವಾಕ್ಯ: "ಕಾರ್ಖಾನೆಯಿಂದ ಹೊರಬಂದ ಮೇಲೆ ಸೇರಿಸಿದ ಯಾವುದೂ ಈ ವಾಹನದಲ್ಲಿ ಉಳಿದಿಲ್ಲವೆಂದು ದೃಢೀಕರಿಸುತ್ತೇನೆ." ಕೆಳಗೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರು ಸಹಿ ಹಾಕಬೇಕು. ಆರ್‌ಸಿಯಲ್ಲಿ ಇರುವುದು ನಿಮ್ಮ ಹೆಸರು. ಅದು ಶುಕ್ರವಾರ, 24ನೇ ತಾರೀಕು ಸಂಜೆ ಐದರೊಳಗೆ ಮಂಗಳೂರು ತಲುಪಬೇಕು.

1991ರಲ್ಲಿ ಅಪ್ಪ ಕಾರನ್ನು ನಿಮ್ಮ ಹೆಸರಿಗೆ ಮಾಡಿಸಿದಾಗ ದೊಡ್ಡಪ್ಪ ಮೂಡಿಗೆರೆಯಿಂದ ಅದಕ್ಕೆಂದೇ ಬಂದು, "ಸ್ಟೇರಿಂಗ್ ಮುಟ್ಟದ ಹೆಂಗಸಿನ ಹೆಸರಿಗೆ ಕಾರ್ ಯಾಕೋ ತಮ್ಮಯ್ಯ" ಅಂತ ಕೇಳಿದ್ದರು. ಅಪ್ಪ, "ಅದರಲ್ಲಿ ವಾಂತಿ ತೊಳೆದವಳು ಅವಳೊಬ್ಬಳೇ" ಅಂದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಯಾರ ವಾಂತಿ ಅಂತ ಯಾರೂ ಕೇಳಲಿಲ್ಲ. ನನಗಾಗ ಇಪ್ಪತ್ನಾಲ್ಕು. ನಾನೂ ನಕ್ಕೆ.

ಈಗ ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಕ್ರಮವಾಗಿ ಬರೆಯುತ್ತೇನೆ. ಕ್ರಮ ತಪ್ಪಿದರೆ ನನಗೆ ಬರೆಯುವುದು ಆಗುವುದಿಲ್ಲ.

ಕಾರು 1956ರದ್ದು, ಇಂಗ್ಲೆಂಡಿನಲ್ಲಿ ತಯಾರಾದದ್ದು. ಮಲ್ಲಂದೂರಿನ ಎಸ್ಟೇಟ್ ಬಿಟ್ಟು ಊರಿಗೆ ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ಅಪ್ಪ 1963ರಲ್ಲಿ ಕೊಂಡರು. ಮರುವರ್ಷ ಅಮ್ಮ ಮದುವೆಯಾಗಿ ಅದರಲ್ಲೇ ಬಂದಳು. 1971ರಲ್ಲಿ ಅಮ್ಮ ತೀರಿಕೊಂಡಳು. 1972ರಲ್ಲಿ ಅದೇ ಕಾರಿನಲ್ಲಿ ನೀವು ಬಂದಿರಿ. ಆಗ ನನಗೆ ಐದು ವರ್ಷ. ಅಮ್ಮನ ಮುಖ ನನಗೆ ಫೋಟೋದಲ್ಲಿ ಮಾತ್ರ ಗೊತ್ತು. ಆ ಫೋಟೋದಲ್ಲಿ ಅವಳು ಕಾರಿನ ಮುಂದೆ ನಿಂತಿದ್ದಾಳೆ. ಬಣ್ಣವಿಲ್ಲದ ಫೋಟೋ. ಕಾರಿನ ಹಸಿರು ಯಾವ ಹಸಿರು ಅಂತ ಅದರಲ್ಲಿ ತಿಳಿಯುವುದಿಲ್ಲ.

ನಾನು ಕಾರಿನ ಕೆಲಸಕ್ಕೆ ಕೈ ಹಾಕಿದ್ದು 2015ರ ಕೊನೆಗೆ. ಆಗ ಅದು ಪಾರ್ಚ್‌ಮೆಂಟ್ ಕಾಫಿ ತುಂಬಿಡುವ ಗೋಡೌನಿನಲ್ಲಿ ಚೀಲಗಳ ಹಿಂದೆ ನಿಂತಿತ್ತು. ನೀವೇ ಬಂದು ಚೀಲ ಸರಿಸಿ ಕೊಟ್ಟಿರಿ. ಓಡುವಂತೆ ಮಾಡಿದರೆ ಸಾಕು ಅಂತ ಶುರು ಮಾಡಿದೆ. ಓಡಿತು. ಆಮೇಲೆ ಸಂಘದವರ ಪರಿಚಯವಾಯಿತು. ಓಡುವುದು ಬೇರೆ, ಕಾರ್ಖಾನೆಯಿಂದ ಬಂದ ಹಾಗೆ ಇರುವುದು ಬೇರೆ ಅಂತ ತಿಳಿಯಿತು. ಸ್ಟೆಪ್ನಿ ಇಡುವ ಜಾಗದ ಅಡಿಯಲ್ಲಿ ಬಿಸಿಲು ಕಾಣದ ಒಂದು ಅಂಗೈ ಅಗಲ ಬಣ್ಣ ಉಳಿದಿತ್ತು. ಅದನ್ನು ಹೊಂದಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಹಾರನ್ ಕೊಯಮತ್ತೂರಿನಲ್ಲಿ ಸಿಕ್ಕಿತು. ಹೆಡ್‌ಲೈಟಿನ ಗಾಜು ಪುದುಚೇರಿಯ ಒಂದು ಗುಜರಿಯಲ್ಲಿ. ವೈರಿಗೆಲ್ಲ ಮೊದಲಿದ್ದ ಹಾಗೆ ಬಟ್ಟೆಯ ಹೊದಿಕೆ ಬೇಕು, ಅದನ್ನು ನಾನೇ ಕೂತು ಸುತ್ತಿದೆ. ಸ್ಕ್ರೂಗಳ ತಲೆಯ ಗೀಟು ಕೂಡ ಒಂದೇ ದಿಕ್ಕಿಗೆ ನಿಲ್ಲಬೇಕು ಅಂತ ಒಬ್ಬರು ಹೇಳಿದರು. ನಿಲ್ಲಿಸಿದೆ. ಈಗ ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಹೆಮ್ಮೆಗೆ ಬರೆಯುತ್ತಿಲ್ಲ. ದಣಿವಾಗಿದೆ ಅಂತ ಬರೆಯುತ್ತಿದ್ದೇನೆ.

ಸೇರಿಸುವ ಕೆಲಸ ಮುಗಿದ ಮೇಲೆ ತೆಗೆಯುವ ಕೆಲಸ ಶುರುವಾಯಿತು. ಅರವತ್ತು ವರ್ಷದಲ್ಲಿ ಕಾರಿಗೆ ಏನೇನೋ ಅಂಟಿಕೊಂಡಿತ್ತು. ಅಪ್ಪ ಹಾಕಿಸಿದ ಕ್ಯಾರಿಯರ್, ಚೀಲ ಕಟ್ಟಲು ಹಿಂದೆ ಬೆಸೆದ ಕೊಂಡಿ, ಯಾರೋ ಹಾಕಿದ ರೆಕ್ಸಿನ್. ನಮ್ಮ ಬಾಯಲ್ಲಿ ಅದಕ್ಕೆ ಒಂದೇ ಮಾತು: ಕಂಪನಿ ಫಿಟ್ಟಿಂಗ್ ಅಲ್ಲ. ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿತ್ತು.

ಕಳೆದ ವರ್ಷ ಫೆಬ್ರವರಿ 25ರಂದು ಸಂಘದ ನಾಲ್ಕು ಜನ ಬಂದಿದ್ದರು. ಹಿಂದಿನ ಎಡ ಕಂಬದ ಮೇಲೆ ಒಂದು ಚರ್ಮದ ಹಿಡಿಪಟ್ಟಿ ಇತ್ತು. ಇದೇನು ಅಂತ ಒಬ್ಬರು ಕೇಳಿದರು. ನಾನು, "ಅದು ಕಂಪನಿ ಫಿಟ್ಟಿಂಗ್ ಅಲ್ಲ, ಚಿಕ್ಕಮ್ಮ ಬಂದ ಮೇಲೆ ಸೇರಿಕೊಂಡದ್ದು. ಇಂಥದ್ದನ್ನೆಲ್ಲ ಒಂದೊಂದಾಗಿ ತೆಗೀಬೇಕು" ಅಂದೆ. ನೀವು ಕಾಫಿ ತಟ್ಟೆ ಹಿಡಿದು ನನ್ನ ಹಿಂದೆ ನಿಂತಿದ್ದಿರಿ. ತಟ್ಟೆಯನ್ನು ಬಾನೆಟ್ ಮೇಲೆ ಇಡದೆ ಕೆಳಗೆ ಸ್ಟೂಲ್ ಮೇಲೆ ಇಟ್ಟಿರಿ. ಬಣ್ಣಕ್ಕೆ ಗೀರು ಬಿದ್ದೀತು ಅಂತ ನಾನೇ ನಿಮಗೆ ಹೇಳಿಕೊಟ್ಟಿದ್ದೆ.

ಮುಂದಿನ ಭಾನುವಾರ ಮಾರ್ಚ್ 3ರಂದು, ಹತ್ತು ದಿನ ತಮ್ಮನ ಮನೆಯಲ್ಲಿದ್ದು ಬರುತ್ತೇನೆ ಅಂತ ಕಳಸಕ್ಕೆ ಹೊರಟಿರಿ. ಇವತ್ತಿಗೆ ಹತ್ತೂವರೆ ತಿಂಗಳು.

ನೀವು ಯಾಕೆ ಹೋದಿರಿ ಅಂತ ನಾನು ಊಹೆ ಮಾಡಿರಲಿಲ್ಲ. ನಮ್ಮ ದ್ಯಾವಮ್ಮ ಹೇಳಿದ್ದು. ಅದೂ ಹೋದ ತಿಂಗಳು, ಕಾಫಿ ಹಣ್ಣು ಅಳೆಸುವಾಗ, ಎಲ್ಲ ಆಳುಗಳ ಎದುರಿಗೇ. ಹೊರಡುವ ದಿನ ನೀವು ಬಟ್ಟೆ ಮಡಚುತ್ತಾ "ನಾನೂ ಕಂಪನಿ ಫಿಟ್ಟಿಂಗ್ ಅಲ್ವಲ್ಲೇ ದ್ಯಾವಿ" ಅಂತ ನಕ್ಕಿರಂತೆ. "ಅಮ್ಮಾವ್ರು ನಕ್ಕಿದ್ದು ನಗೋದಕ್ಕಲ್ಲ ಅಯ್ಯಾ, ನಿಮಗೆ ಸ್ಪ್ಯಾನರ್ ಸದ್ದು ಬಿಟ್ರೆ ಬೇರೆ ಏನೂ ಕೇಳ್ಸಲ್ಲ" ಅಂದಳು. ಉಳಿದವರು ಬುಟ್ಟಿ ನೋಡುತ್ತಾ ನಿಂತರು. ನಾನು ಮುಂದಿನ ಬುಟ್ಟಿ ತರಲು ಹೇಳಿದೆ.

ಆ ಮಾತು ಕಾರಿನ ಪಟ್ಟಿಗೆ ಹೇಳಿದ್ದು, ನಿಮಗಲ್ಲ. ಇಷ್ಟು ದಿನ ನಾನು ನನಗೇ ಹೇಳಿಕೊಂಡದ್ದು ಇದೇ. ನಿಮಗೂ ಇದನ್ನೇ ಬರೆಯಬೇಕು ಅಂತ ಕೂತೆ.

ಪಟ್ಟಿಯನ್ನು ಏಪ್ರಿಲ್‌ನಲ್ಲಿ ಬಿಚ್ಚಿದೆ. ಅದು ಬೇರೆ ತ್ಯಾಜ್ಯದ ಜೊತೆ ಮೂಡಿಗೆರೆಯ ಗುಜರಿಯವನಿಗೆ ಹೋಯಿತು. ತೂತುಗಳನ್ನು ತುಂಬಿ, ಉಜ್ಜಿ, ಬಣ್ಣ ಹಾಕಿದೆ. ಬೆಳಕಿನಲ್ಲಿ ಯಾವ ಕೋನದಿಂದ ನೋಡಿದರೂ ಕಾಣುತ್ತಿರಲಿಲ್ಲ.

ನಿನ್ನೆ ಬಂದ ಪರಮೇಶ್ವರ ಅವರಿಗೆ ಎಪ್ಪತ್ತರ ಮೇಲಾಗಿದೆ. ಬೆಳಿಗ್ಗೆ ಹತ್ತೂ ಹತ್ತಕ್ಕೆ ಶುರು ಮಾಡಿ ಒಂದೂವರೆಯವರೆಗೆ ನೋಡಿದರು. ಕೈಯಲ್ಲಿ ಟಾರ್ಚು, ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಹಿಡಿಯ ಕನ್ನಡಿ. ಅಡಿಗೆ ಮಲಗಿದರು, ಎದ್ದರು, ನಡುವೆ ಒಮ್ಮೆ ನೀರು ಕೇಳಿದರು. ಕೊನೆಗೆ ಹಿಂದಿನ ಕಂಬದ ಮೇಲೆ ಹೆಬ್ಬೆರಳ ಉಗುರನ್ನು ಮೇಲಿನಿಂದ ಕೆಳಗೆ ಎಳೆದರು. ಎರಡು ಕಡೆ ಉಗುರು ನಿಂತಿತು. "ತುಂಬಿಸಿದ್ದು ಚಂದ ಉಂಟು ಮಾರಾಯ್ರೆ. ಆದ್ರೆ ತುಂಬಿಸಿದ್ದು ತುಂಬಿಸಿದ್ದೇ ಅಲ್ವಾ" ಅಂದರು.

ಆಮೇಲೆ ಟೇಪ್ ತೆಗೆದು ಸೀಟಿನಿಂದ ಕೆಳಗಿನ ತೂತಿಗೆ ಎಷ್ಟು ಅಂತ ಅಳೆದರು. ಹನ್ನೊಂದು ಇಂಚು. ತಾವೇ ಹಿಂದೆ ಕೂತು ಕೈ ಚಾಚಿದರು. ಮೊಣಕೈ ಬಾಗಿಲಿಗೆ ತಾಗಿತು. ಅಷ್ಟು ಕೆಳಗೆ ದೊಡ್ಡವರ ಕೈ ಹೋಗುವುದಿಲ್ಲ. "ಇಲ್ಲಿ ಒಂದು ಮಗು ನಿಲ್ತಾ ಇತ್ತು, ಕಿಟಕಿಗೆ ಮುಖ ಕೊಟ್ಟು. ಯಾರ್ರೀ ಅದು ಮಗು?" ಅಂತ ಕೇಳಿದರು.

ನನಗೆ ನೆನಪಿಲ್ಲ ಅಂದೆ.

ಈ ಕಾರಿನಲ್ಲಿ ನಾನು ಅಳೆಯದ ಜಾಗವಿಲ್ಲ. ಬಾಗಿಲ ಸಂದು, ಬೀಡಿಂಗಿನ ದಪ್ಪ, ಪೆಡಲಿನ ಎತ್ತರ ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಆ ಹನ್ನೊಂದು ಇಂಚು ಮಾತ್ರ ಪುಸ್ತಕದಲ್ಲಿ ಇಲ್ಲ.

ಅವರು ವರದಿಯಲ್ಲಿ "ಮಗುವಿನ ಹಿಡಿಪಟ್ಟಿ, ಕಾರ್ಖಾನೆಯದಲ್ಲ, ತೆಗೆದು ತೂತು ಮುಚ್ಚಲಾಗಿದೆ" ಅಂತ ಬರೆದು ಎರಡು ಅಂಕ ಕಳೆದರು. ಊಟಕ್ಕೆ ಸರಸ್ವತಿ ಕಡುಬು ಮಾಡಿದ್ದಳು. ಅವರು ಊಟ ಮಾಡುತ್ತಾ ಕಾರನ್ನು ಹೊಗಳಿದರು, 1956ರಲ್ಲಿ ಕಾರ್ಖಾನೆಯ ಗೇಟು ದಾಟಿದ ದಿನ ಹೇಗಿತ್ತೋ ಹೆಚ್ಚುಕಮ್ಮಿ ಹಾಗೇ ಇದೆ ಅಂದರು. ನಾನು ಸಂತೋಷಪಡಬೇಕಿತ್ತು. ಅವರನ್ನು ಕಳಿಸಿ ಬಂದ ಮೇಲೆ ಸರಸ್ವತಿ ತಟ್ಟೆ ಎತ್ತುತ್ತಾ, "ಗೇಟು ದಾಟಿದ ದಿನ ಅದರಲ್ಲಿ ಯಾರು ಕೂತಿದ್ರು ರೀ? ಅತ್ತೆನೂ ಇರ್ಲಿಲ್ಲ, ನಿಮ್ಮಮ್ಮನೂ ಇರ್ಲಿಲ್ಲ, ಆ ದೊರೆನೂ ಇರ್ಲಿಲ್ಲ. ಖಾಲಿ ಕಾರಿಗೆ ಒಂಬತ್ತು ವರ್ಷ ಹಾಕಿದ್ರಿ" ಅಂದಳು. ಜಗಳಕ್ಕೆ ಹೇಳಿದ್ದಲ್ಲ. ಅವಳಿಗೂ ದಣಿವಾಗಿದೆ.

ನಾನು ಗೋಡೌನಿಗೆ ಹೋಗಿ ಕಾರಿಗೆ ಬಟ್ಟೆ ಹೊದಿಸಿ ಬಂದೆ.

ಸಹಿ ಹಾಕಿದ ಕಾಗದವನ್ನು ಮಾವನ ಕೈಲಿ ಅದೇ ಕಂಡಕ್ಟರಿಗೆ ಕೊಡಿಸಿದರೆ ಸಾಕು. ನೀವು ಬರಬೇಕಾಗಿಲ್ಲ, ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮ ಕೋಣೆಯಲ್ಲಿ ಈಗ ಬೀಡಿಂಗ್ ರಬ್ಬರು, ಹಳೇ ಬಂಪರು ಇವೆ. ಸರಸ್ವತಿ ತೆಗೆಸಿ ಅಂತ ಹೇಳುತ್ತಲೇ ಇದ್ದಾಳೆ. ತೆಗೆಸುತ್ತೇನೆ.

ಅರೇಬಿಕಾ ಮುಗಿದಿದೆ, ರೊಬಸ್ಟಾ ಇನ್ನೂ ಅರ್ಧ ಗಿಡದಲ್ಲಿದೆ. ಕಿತ್ತಳೆ ಈ ವರ್ಷ ಕಡಿಮೆ. ಮಾವನಿಗೆ ನಮಸ್ಕಾರ ತಿಳಿಸಿ.

ಇಂತು ನಿಮ್ಮ ಮನೆಯವನೇ ಆದ
ಪುಟ್ಟಸ್ವಾಮಿ

ಮ.ವಿ. (ಮಂಗಳವಾರ, 21 ಜನವರಿ)

ಸೋಮವಾರ ಕಳಿಸಬೇಕಿದ್ದ ಈ ಪತ್ರವನ್ನು ಕಳಿಸಲಾಗಲಿಲ್ಲ. ಬಸ್ಸು ಬಂತು, ಕಂಡಕ್ಟರ್ ಕೈ ಚಾಚಿದ, ನಾನು ಕೊಡಲಿಲ್ಲ. ಮನೆಗೆ ತಂದು ಮತ್ತೊಮ್ಮೆ ಓದಿದೆ. ಇದರಲ್ಲಿ ಮೂರು ಸುಳ್ಳಿವೆ. ತಿದ್ದಿ ಹೊಸದಾಗಿ ಬರೆಯಬಹುದಿತ್ತು. ಹಾಗೆ ಮಾಡಿದರೆ ಅದೂ ತೂತು ತುಂಬಿ ಬಣ್ಣ ಹಾಕಿದಂತೆ. ಅದಕ್ಕೇ ಹಾಗೇ ಬಿಟ್ಟು ಕೆಳಗೆ ಬರೆಯುತ್ತಿದ್ದೇನೆ.

ಪಟ್ಟಿ ಗುಜರಿಗೆ ಹೋಗಿಲ್ಲ. ನನ್ನ ಮೇಜಿನ ಖಾನೆಯಲ್ಲಿತ್ತು.

ನೆನಪಿಲ್ಲ ಅಂದದ್ದೂ ಸುಳ್ಳು. ಅಪ್ಪನ ಕೋವಿಯ ಹಳೇ ಪಟ್ಟಿಯನ್ನು ನೀವು ಕತ್ತರಿಸಿದ್ದು, ಅಪ್ಪ "ಕೋವಿ ಪಟ್ಟಿ ಕೊಯ್ಯೋಕೆ ನಿಂಗೆ ಯಾರೇ ಹೇಳಿದ್ದು" ಅಂತ ಕೂಗಿದ್ದು, "ಹಂದಿ ಬೇಟೆ ಒಂದು ವರ್ಷ ತಡೀಲಿ, ಹುಡುಗ ಚಾರ್ಮಾಡಿ ಘಾಟಿ ಇಳಿಯೋದು ತಡಿಯಲ್ಲ" ಅಂತ ನೀವು ಹೇಳಿದ್ದು ನೆನಪಿದೆ. ತಿಂಗಳಿಗೊಮ್ಮೆ ನನ್ನ ಕಿವಿಗೆ ಮಂಗಳೂರಿನ ಡಾಕ್ಟರು. ಪ್ರತಿ ತಿರುವಿಗೂ ವಾಂತಿ. ಕೊಟ್ಟಿಗೆಹಾರ ದಾಟಿದ ಕೂಡಲೇ ನೀವು ನನ್ನನ್ನು ಕಿಟಕಿಗೆ ನಿಲ್ಲಿಸಿ, ಪಟ್ಟಿ ಹಿಡಿಸಿ, ಮೂಗಿನ ಹತ್ತಿರ ಕಿತ್ತಳೆ ಸಿಪ್ಪೆ ಹಿಂಡುತ್ತಿದ್ದಿರಿ. ನಾನು ಕಣ್ಣು ಮುಚ್ಚಿ ಪಟ್ಟಿ ಕಚ್ಚುತ್ತಿದ್ದೆ. ಏಪ್ರಿಲ್‌ನಲ್ಲಿ ಬಿಚ್ಚಿದಾಗ ಒಳಮಗ್ಗುಲಲ್ಲಿ ನಾಲ್ಕು ಸಣ್ಣ ಹಲ್ಲಿನ ಗುರುತು ಇದ್ದವು. ಯಾರ ಹಲ್ಲು ಅಂತ ಗೊತ್ತಿದ್ದೇ ಬಿಚ್ಚಿದೆ.

ಮೂರನೆಯದು, ಡಬ್ಬಿಯೊಳಗಿನ ಸಣ್ಣ ವಸ್ತು. ಅದು ಅಮ್ಮ ಮದುವೆಯಾದ ವರ್ಷ ಡಬ್ಬಿಯ ಮುಚ್ಚಳದ ಒಳಗೆ ಹೊಡೆದ ಹೊರನಾಡ ಅಮ್ಮನವರ ಬೆಳ್ಳಿ ತಗಡು. ಅದೂ ಕಂಪನಿ ಫಿಟ್ಟಿಂಗ್ ಅಲ್ಲ. ತೆಗೆದರೆ ಆ ಅಂಕ ವಾಪಸ್ ಸಿಗುತ್ತದೆ ಅಂತ ಪರಮೇಶ್ವರ ಅವರು ಹೇಳಿದರು. ನಾನು ತೆಗೆಯಲಿಲ್ಲ. ನಿಮ್ಮದನ್ನು ತೆಗೆದು ಅಮ್ಮನದನ್ನು ಉಳಿಸಿಕೊಂಡು, ಸೇರಿಸಿದ ಯಾವುದೂ ಉಳಿದಿಲ್ಲ ಅನ್ನುವ ಕಾಗದಕ್ಕೆ ನಿಮ್ಮ ಸಹಿ ಕೇಳಿದ್ದೆ. ಆ ದಿನದ ಮಾತು ಪಟ್ಟಿಗೆ ಹೇಳಿದ್ದು ಅಂತ ಮೇಲೆ ಬರೆದಿದ್ದೇನಲ್ಲ, ಅದನ್ನೂ ಸೇರಿಸಿದರೆ ಸುಳ್ಳು ನಾಲ್ಕಾಗುತ್ತವೆ.

ಇವತ್ತು ಮಧ್ಯಾಹ್ನ ಮೂರು ಗಂಟೆಗೆ ತೂತುಗಳನ್ನು ಮತ್ತೆ ಕೊರೆದೆ. ಪಟ್ಟಿಗೆ ಹಳೇ ಸ್ಕ್ರೂಗಳೇ ಕೂತವು. ತಗಡನ್ನು ಮುಟ್ಟಿಲ್ಲ. ಪರಮೇಶ್ವರ ಅವರಿಗೆ ಫೋನ್ ಮಾಡಿ ಕೊನೆಯ ಸುತ್ತಿಗೆ ಬರುವುದಿಲ್ಲ ಅಂದೆ. ಅವರು "ಮಗು ಯಾರದ್ದು, ನೆನಪಾಯ್ತಾ?" ಅಂತ ಕೇಳಿದರು. ಹೌದು ಅಂದೆ.

ಘೋಷಣಾ ಪತ್ರವನ್ನು ಲಕೋಟೆಯಿಂದ ತೆಗೆದಿದ್ದೇನೆ. ಸಹಿ ಬೇಡ. ಕೋಣೆಯಿಂದ ಬಂಪರು, ರಬ್ಬರು ಹೊರಗೆ ಹೋದವು. ನೆಲ ಒರೆಸಿದ್ದು ದ್ಯಾವಮ್ಮ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಕಾರು ಬಣಕಲ್ ಬಿಡುತ್ತದೆ. ಬಾಳೂರಿನ ಮೇಲೆ ಬಂದು ಹತ್ತೂವರೆಗೆ ಕಳಸ ತಲುಪುತ್ತದೆ. ವಾಪಸ್ ಹೊರಡುವುದು ಎರಡು ಗಂಟೆಗೆ.